ವೆಲ್ಡಿಂಗ್ ಕಡ್ಡಿ: ಅಂಗಡಿಯದೋ, ಆನ್‌ಲೈನಿನದೋ?

ಸಣ್ಣ ವರ್ಕ್‌ಶಾಪು ನಡೆಸುವವರು ವೆಲ್ಡಿಂಗ್ ಸಾಮಾನನ್ನು ಊರಿನ ಅಂಗಡಿಯಲ್ಲೇ ಕೊಳ್ಳಬೇಕೆ? ಹೌದು ಎನ್ನುವವರು ಮುಧೋಳದಲ್ಲಿ ಮೂವತ್ತು ವರ್ಷಗಳಿಂದ ಟ್ರೇಲರ್ ರಿಪೇರಿ ಮಾಡುತ್ತಿರುವವರು. ಅಲ್ಲ ಎನ್ನುವವರು ತೀರ್ಥಹಳ್ಳಿಯಲ್ಲಿ ಗ್ರಿಲ್ ಮತ್ತು ಅಡಿಕೆ ಸುಲಿಯುವ ಯಂತ್ರಗಳ ಕೆಲಸ ಮಾಡಿಸುವ ಮಹಿಳೆ. ಅವರು ಮೊದಲ ಬರಹವನ್ನು ಓದಿಯೇ ಉತ್ತರ ಬರೆದರು. ಅದನ್ನು ಓದಿದ ಮುಧೋಳದವರು ಸುಮ್ಮನಿರಲಿಲ್ಲ.

ಪರ: ಶಟರ್ ಎತ್ತುವವರು ಬೇಕು

ಜನವರಿಯಲ್ಲಿ ನಮ್ಮ ಕಡೆಯ ರಸ್ತೆಗೆ ಒಮ್ಮೆ ಬನ್ನಿ. ರಾತ್ರಿ ಹನ್ನೊಂದಾದರೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಮುಗಿಯುವುದಿಲ್ಲ. ಒಂದೊಂದರ ಹಿಂದೆ ಎರಡೆರಡು ಟ್ರೇಲರು, ಎರಡರಲ್ಲೂ ಅಳತೆ ಮೀರಿದ ಹೇರು. ಹುಕ್ಕು ಕಿತ್ತರೆ, ಆಕ್ಸಲ್ ಬಿರುಕು ಬಿಟ್ಟರೆ ಟ್ರೇಲರು ಅಲ್ಲೇ ಕೂತುಬಿಡುತ್ತದೆ. ಕಡಿದ ಕಬ್ಬು ನಿಂತಷ್ಟೂ ಒಣಗಿ ತೂಕ ಇಳಿಯುತ್ತದೆ, ರೈತ ನನ್ನ ತಲೆಯ ಮೇಲೆ ನಿಂತಿರುತ್ತಾನೆ. ಆ ಹೊತ್ತಿನಲ್ಲಿ ಕಡ್ಡಿ ಮುಗಿದರೆ ನಾನು ಫೋನು ಮಾಡುವುದು ಅಂಗಡಿಯ ಸಾಹುಕಾರರಿಗೆ. ಅವರು ಬೈಯುತ್ತಲೇ ಮಾಳಿಗೆಯಿಂದ ಇಳಿದು ಬಂದು ಶಟರ್ ಎತ್ತುತ್ತಾರೆ. ಮೊಬೈಲು ಬೈಯುವುದಿಲ್ಲ ನಿಜ. ಶಟರನ್ನೂ ಎತ್ತುವುದಿಲ್ಲ.

ಅವರು ಕಡ್ಡಿಯನ್ನು ಸುಮ್ಮನೆ ಕೊಡುವುದಿಲ್ಲ. 'ಏನ್ ಮುರದೈತಿ?' ಎಂದು ಮೊದಲು ಕೇಳುತ್ತಾರೆ. ಆಕ್ಸಲ್ ಎಂದರೆ, '6013 ಹಚ್ಚಿದ್ರ ನಾಳೆ ಮತ್ತ ಬರ್ತಾನ ನೋಡು. 7018 ಒಯ್ಯಿ, ಹಚ್ಚೋ ಮೊದಲ ಕಬ್ಬಿಣ ಕಾಸು' ಎನ್ನುತ್ತಾರೆ. ಕಾರ್ಬನ್ ಹೆಚ್ಚಿರುವ ಉಕ್ಕು ಬೇಗ ಆರಿದರೆ ಬೆಸುಗೆಯ ಪಕ್ಕದಲ್ಲೇ ಗಡುಸಾಗಿ ಒಡೆಯುತ್ತದೆ ಎಂಬುದನ್ನು ನಾನು ಕಲಿತದ್ದು ಅವರ ಕಟ್ಟೆಯ ಮೇಲೆ, ಯಾವ ಐಟಿಐಯಲ್ಲೂ ಅಲ್ಲ. ನನ್ನ ಹತ್ತಿರ ಹಳೆಯ ಟ್ರಾನ್ಸ್‌ಫಾರ್ಮರ್ ಮಶೀನು ಇದ್ದಾಗ, ಅದರಲ್ಲಿ ಎಲ್ಲ ಕಂಪನಿಯ 7018 ಸರಿಯಾಗಿ ಓಡುವುದಿಲ್ಲ ಎಂದು ಹೇಳಿ ಕೈಗೆ ಬಂದ ದುಡ್ಡನ್ನು ವಾಪಸ್ ಕೊಟ್ಟವರೂ ಅವರೇ.

ಇನ್ನೊಂದು ಸಂಗತಿ. ಪಂಪ್‌ಸೆಟ್ಟಿನ ಬೀಡಿನ ಕವಚ ಒಡೆದರೆ ನಿಕ್ಕಲ್ ಕಡ್ಡಿ ಬೇಕು. ಅದು ಬಲು ತುಟ್ಟಿ. ನನಗೆ ಬೇಕಾಗುವುದು ನಾಲ್ಕೋ ಐದೋ. ಅಂಗಡಿಯಲ್ಲಿ ಎಣಿಸಿ ಕೊಡುತ್ತಾರೆ. ಆನ್‌ಲೈನಿನಲ್ಲಿ ಪ್ಯಾಕೆಟ್ಟೇ ಕೊಳ್ಳಬೇಕು, ಉಳಿದದ್ದು ಮುಂದಿನ ಪಂಪು ಒಡೆಯುವವರೆಗೆ ನನ್ನ ದುಡ್ಡನ್ನು ಹಿಡಿದುಕೊಂಡು ಮಲಗಿರುತ್ತದೆ.

ಮಶೀನಿನ ವಿಷಯಕ್ಕೆ ಬರೋಣ. ಮೊಬೈಲಿನಲ್ಲಿ ನೋಡಿ: ಶೂ ಡಬ್ಬಿಯಷ್ಟು ಪೆಟ್ಟಿಗೆ, ಮೇಲೆ '200 ಆಂಪ್', ಕೆಳಗೆ ಮನೆಯ ಪ್ಲಗ್ಗಿಗೇ ಹಾಕಿ ಎಂಬ ಮಾತು. ಲೆಕ್ಕ ಹಾಕೋಣ. 200 ಆಂಪಿನ ಆರ್ಕ್‌ಗೆ ಸುಮಾರು 28 ವೋಲ್ಟ್ ಬೇಕು. ಗುಣಿಸಿದರೆ 5,600 ವ್ಯಾಟ್. ಗೋಡೆಯ 16 ಆಂಪ್ ಪ್ಲಗ್ಗು 230 ವೋಲ್ಟಿನಲ್ಲಿ ಕೊಡುವುದು 3,680 ವ್ಯಾಟ್. ಒಳಗೆ ಹೋದದ್ದಕ್ಕಿಂತ ಹೊರಗೆ ಹೆಚ್ಚು ಬರಲು ಅದೇನು ಅಕ್ಷಯಪಾತ್ರೆಯೇ? ನಮ್ಮ ಓಣಿಯ ಹುಡುಗನೊಬ್ಬ ಇಂಥದ್ದೊಂದನ್ನು ತರಿಸಿದ. ಮೂರನೆಯ ತಿಂಗಳಿಗೆ ಒಳಗಿನ ಬೋರ್ಡು ಸುಟ್ಟಿತು. ಗ್ಯಾರಂಟಿ ಇತ್ತು. ಆದರೆ ಅವನ ಖರ್ಚಿನಲ್ಲೇ ದೆಹಲಿಗೆ ಕಳಿಸಬೇಕಿತ್ತು. ಈಗ ಆ ಪೆಟ್ಟಿಗೆಯ ಮೇಲೆ ಕೂತು ಅವನು ಚಹಾ ಕುಡಿಯುತ್ತಾನೆ. ಅಂಗಡಿಯಲ್ಲಿ ಕೊಂಡಿದ್ದರೆ ಮಶೀನನ್ನು ಗಲ್ಲಾಪೆಟ್ಟಿಗೆಯ ಮುಂದೆ ಇಟ್ಟು ನಿಂತುಬಿಡಬಹುದಿತ್ತು. ಇಡೀ ಪೇಟೆ ನೋಡುತ್ತಿರುವಾಗ ಯಾವ ಸಾಹುಕಾರನೂ ಬಹಳ ಹೊತ್ತು ಮುಖ ತಿರುಗಿಸಲಾರ.

ಇಷ್ಟೂ ಹೇಳಿದ್ದು ಪೀಠಿಕೆ. ನನ್ನ ಅಸಲು ಮಾತು ಉದ್ರಿಯದು.

ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ರೈತನಿಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಮ್ಮ ಭಾಗದಲ್ಲಿ ಯಾರನ್ನಾದರೂ ಕೇಳಿ, ಬಾಕಿ ಬಿಲ್ಲಿಗಾಗಿ ಎಷ್ಟು ಸಲ ರಸ್ತೆಗಿಳಿದಿದ್ದೇವೆ ಎಂದು ಬೆರಳು ಮಡಿಸುತ್ತಾರೆ. ಕಾರ್ಖಾನೆ ಕೊಡುವವರೆಗೆ ರೈತನ ಕೈಯಲ್ಲಿ ದುಡ್ಡಿಲ್ಲ. ಅವನು ಕೊಡುವವರೆಗೆ ನನ್ನ ಕೈಯಲ್ಲಿಲ್ಲ. ನಾನು ಕೊಡುವವರೆಗೆ ಸಾಹುಕಾರರು ಕಾಯುತ್ತಾರೆ. ಕಾರ್ಖಾನೆಯ ಗೇಟಿನಿಂದ ಕಡ್ಡಿಯ ಪೆಟ್ಟಿಗೆಯವರೆಗೆ ಒಂದೇ ಸರಪಳಿ. ಅದರ ಕೊನೆಯ ಕೊಂಡಿ ಕೆಂಪು ಬಟ್ಟೆಯ ಆ ಖಾತೆ ಪುಸ್ತಕ. 'ಇವತ್ತು ನಗದು, ನಾಳೆ ಉದ್ರಿ' ಎಂದು ಗೋಡೆಗೆ ಬರೆಸಿದವರೂ ಅವರೇ, ಅದರ ಕೆಳಗೇ ಕೂತು ನನ್ನ ಹೆಸರಿನ ಮುಂದೆ ಬರೆದುಕೊಳ್ಳುವವರೂ ಅವರೇ. ಹೋದ ಯುಗಾದಿಗೆ ಹಳೆಯ ಬಾಕಿ ತೀರಿಸಲು ಹೋದಾಗ ಬಡ್ಡಿಯ ಮಾತೇ ಎತ್ತಲಿಲ್ಲ. ಮೊಬೈಲಿನಲ್ಲಿ ದುಡ್ಡು ಮೊದಲು ಹೋಗಬೇಕು. ಕಂತಿನಲ್ಲಿ ಕೊಳ್ಳೋಣವೆಂದರೆ ಅದಕ್ಕೆ ಬ್ಯಾಂಕು ಒಪ್ಪಬೇಕು. ಬ್ಯಾಂಕಿಗೆ ನಮ್ಮ ಕಬ್ಬಿನ ಸೀಸನ್ನು ತಿಳಿಯುವುದಿಲ್ಲ.

ವಿರೋಧ: 'ಯಜಮಾನ್ರು ಬಂದಿಲ್ವಾ?'

ಮುಧೋಳದ ಅಣ್ಣನ ಸಾಹುಕಾರರು ಒಳ್ಳೆಯವರು. ಎಲ್ಲರಿಗೂ ಅಂಥವರೇ ಸಿಗುವುದಿಲ್ಲ, ಸಿಕ್ಕರೂ ಎಲ್ಲರೊಡನೆ ಹಾಗಿರುವುದಿಲ್ಲ.

ನಮ್ಮವರ ಬೆನ್ನಿಗೆ ಪೆಟ್ಟಾದ ಮೇಲೆ ವರ್ಕ್‌ಶಾಪಿನ ವ್ಯವಹಾರ ನನ್ನ ಕೈಗೆ ಬಂತು. ಮೊದಲ ಸಲ ಪೇಟೆಯ ಅಂಗಡಿಗೆ ಹೋಗಿ ಟಿಗ್ ವೆಲ್ಡಿಂಗಿನ ಟಂಗ್‌ಸ್ಟನ್ ಕಡ್ಡಿ ಕೇಳಿದಾಗ ಬಂದ ಉತ್ತರ, 'ಯಜಮಾನ್ರು ಬಂದಿಲ್ವಾ?' ಎರಡನೆಯ ಸಲ ಕೆಲಸದ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋದೆ. ಪ್ರಶ್ನೆ ಕೇಳಿದ್ದು ನಾನು, ಉತ್ತರ ಹೋದದ್ದು ಅವನಿಗೆ. ಅವನಿಗೆ ಹತ್ತೊಂಬತ್ತು ವರ್ಷ, ಟಿಗ್ ಮಶೀನನ್ನು ಮುಟ್ಟಿಯೂ ಇರಲಿಲ್ಲ. ಕಟ್ಟೆಯ ಮೇಲಿನ ವಿದ್ಯೆ ಯಾರಿಗೆ ಸಿಗುತ್ತದೆ ಎನ್ನುವುದನ್ನೂ ಅಣ್ಣ ಬರೆಯಬೇಕಿತ್ತು. ಮೊಬೈಲು ನನ್ನನ್ನು ನೋಡುವುದಿಲ್ಲ. ನನಗೆ ಅದೇ ದೊಡ್ಡ ಉಪಕಾರ.

ಟಂಗ್‌ಸ್ಟನ್ನಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಅಂಗಡಿಯಲ್ಲಿ ಇದ್ದದ್ದು ಕೆಂಪು ತುದಿಯದು ಮಾತ್ರ. ಕೆಂಪೆಂದರೆ ಥೋರಿಯಂ ಬೆರೆತದ್ದು, ಅಲ್ಪಸ್ವಲ್ಪ ವಿಕಿರಣ ಇರುವಂಥದ್ದು. ತುದಿಯನ್ನು ಗ್ರೈಂಡರಿಗೆ ಹಿಡಿದಾಗ ಏಳುವ ಧೂಳು ಮೂಗಿಗೆ ಹೋಗುತ್ತದೆ. ಬಂಗಾರದ ಬಣ್ಣದ ತುದಿಯ ಲ್ಯಾಂಥನಂ ಕೊಡಿ ಎಂದರೆ, 'ಎಲ್ರೂ ಇದ್ನೇ ತಗಂಡ್ ಹೋಗೋದು' ಎಂದರು. ಶಿವಮೊಗ್ಗ ನಮಗೆ ಸುಮಾರು 60 ಕಿಲೋಮೀಟರ್. ಹೋಗಿಬಂದರೆ ದಿನವೇ ಹಾಳು, ಅಲ್ಲಿ ಸಿಗುತ್ತದೆ ಎಂಬ ಖಾತ್ರಿಯೂ ಇಲ್ಲ. ಬೆರಳುದ್ದದ ಹತ್ತು ಕಡ್ಡಿಗಳು ಮೂರನೆಯ ದಿನ ಮನೆ ಬಾಗಿಲಿಗೆ ಬಂದವು.

ಬಿಡಿ ಕಡ್ಡಿಯನ್ನು ಅಣ್ಣ ಹೊಗಳಿದರು. ನಿಕ್ಕಲ್ ಕಡ್ಡಿಯ ಮಟ್ಟಿಗೆ ಒಪ್ಪಿದೆ. ಆದರೆ ಅವರ ಪ್ರೀತಿಯ 7018 ಇದೆಯಲ್ಲ, ಅದನ್ನು ಬಿಡಿಯಾಗಿ ಮಾರುವುದೇ ತಪ್ಪು. ಅದರ ಮೈಮೇಲಿನ ಲೇಪ ತೇವ ಹೀರಿದರೆ ಬೆಸುಗೆಯೊಳಗೆ ಹೈಡ್ರೋಜನ್ ಸೇರಿ, ಹೊರಗೆ ಚೆನ್ನಾಗಿ ಕಂಡ ಜೋಡಣೆ ಮರುದಿನ ಒಳಗಿನಿಂದ ಬಿರಿಯುತ್ತದೆ. ಪ್ಯಾಕು ಒಡೆದ ಮೇಲೆ ಅದು ಹೊರಗಿನ ಗಾಳಿಯಲ್ಲಿ ಇರಬಹುದಾದದ್ದು ಹೆಚ್ಚೆಂದರೆ ನಾಲ್ಕು ಗಂಟೆ ಎನ್ನುತ್ತದೆ ಅಮೆರಿಕದ ವೆಲ್ಡಿಂಗ್ ಸೊಸೈಟಿಯ ನಿಯಮ. ನಮ್ಮದು ಆಗುಂಬೆ ಇರುವ ತಾಲ್ಲೂಕು, ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆಷಾಢದಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಅಂಗಡಿಯ ಮೂಲೆಯಲ್ಲಿ ಬಾಯಿ ತೆರೆದ ಪೆಟ್ಟಿಗೆಯ ಗತಿ ಏನು? ಅಂಥ ಕಡ್ಡಿಯನ್ನು ಬಿಸಿಲಿಗೆ ಹಾಕಿದರೆ ಸಾಲದು, 260 ಡಿಗ್ರಿಗೂ ಮೇಲೆ ಓವನ್ನಿನಲ್ಲಿ ಕಾಸಬೇಕು. ನಾನು ಗಾಳಿ ತೆಗೆದು ಸೀಲು ಮಾಡಿದ ಸಣ್ಣ ಪ್ಯಾಕು ತರಿಸುತ್ತೇನೆ. ಮೇಲೆ ಐಎಸ್ 814 ಗುರುತು ಇರುತ್ತದೆ, ಬ್ಯಾಚ್ ನಂಬರು ಇರುತ್ತದೆ. ಬೆಳಿಗ್ಗೆ ಒಡೆದದ್ದು ಮಧ್ಯಾಹ್ನಕ್ಕೆ ಮುಗಿಯಬೇಕು.

ಮೋಸ ಆನ್‌ಲೈನಿನಲ್ಲೂ ಇದೆ, ಮುಚ್ಚಿಡುವುದಿಲ್ಲ. ತಾಮ್ರದ ಕೇಬಲ್ ಎಂದು ತರಿಸಿದ್ದು ಎತ್ತಿದಾಗಲೇ ಹಗುರ ಅನಿಸಿತು. ಚಾಕುವಿನಿಂದ ಕೆರೆದರೆ ಒಳಗೆ ಬಿಳಿ, ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ. ವಿಡಿಯೊ ಮಾಡಿ ಕಳಿಸಿದೆ. ಮಾಲು ವಾಪಸ್ ಹೋಯಿತು, ಒಂಬತ್ತನೆಯ ದಿನ ಹಣ ಬಂತು. ಅದೇ ಬಗೆಯ ಕೇಬಲನ್ನು ಹಿಂದೆ ನಮ್ಮವರು ಅಂಗಡಿಯಿಂದ ತಂದಿದ್ದರು. ಅದು ಈಗಲೂ ನಮ್ಮ ಅಂಗಳದಲ್ಲಿ ಬಟ್ಟೆ ಒಣಗಿಸುವ ತಂತಿ. ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲಬಹುದು ಎನ್ನುತ್ತೀರಿ ಅಣ್ಣಾ. ನಿಲ್ಲುವ ಧೈರ್ಯ, ನಿಲ್ಲುವಷ್ಟು ಹೊತ್ತು, ನಿಂತರೆ ಲೆಕ್ಕಕ್ಕೆ ಬರುವ ಮುಖ, ಮೂರೂ ಬೇಕಲ್ಲ. ಕಾನೂನು ಅಷ್ಟು ಕೇಳುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವನು ದೆಹಲಿಯಲ್ಲಿದ್ದರೂ ಸರಿ. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಎಂಬ ಮಾತು ಅದರಲ್ಲಿದೆ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡದ್ದಕ್ಕೆ ಅದು ಅನ್ವಯಿಸುವುದಿಲ್ಲ. ನಿಮ್ಮ ಓಣಿಯ ಆ ಹುಡುಗನಿಗೆ ಇದನ್ನು ಹೇಳಿ, ಚಹಾ ಕುಡಿದದ್ದು ಸಾಕು.

ಮೈಗೆ ಹಾಕಿಕೊಳ್ಳುವ ಸಾಮಾನಿನ ಬಗ್ಗೆ ಅಣ್ಣ ಒಂದಕ್ಷರ ಬರೆದಿಲ್ಲ. ಯಾಕೆಂದರೆ ಅಂಗಡಿಯಲ್ಲೂ ಅದರ ಮಾತು ಬರುವುದಿಲ್ಲ. ವೆಲ್ಡಿಂಗ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲೇ ತೀರ್ಮಾನಿಸಿದೆ. ನಮ್ಮ ಪೇಟೆಯಲ್ಲಿ ಮಾಸ್ಕ್ ಕೇಳಿದರೆ ಟವೆಲ್ ಕಟ್ಟಿಕೊಳ್ಳಲು ಹೇಳುತ್ತಾರೆ. ಕಪ್ಪು ಗ್ಲಾಸು ಕೇಳಿದರೆ ನಂಬರೇ ಇಲ್ಲದ್ದನ್ನು ಕೊಡುತ್ತಾರೆ. ನಮ್ಮ ಹುಡುಗರು ರಾತ್ರಿ ಕಣ್ಣಿಗೆ ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಆರ್ಕ್ ಹತ್ತಿದೊಡನೆ ತಾನೇ ಕಪ್ಪಾಗುವ ಹೆಲ್ಮೆಟ್, ಹೊಗೆ ಸೋಸುವ ಮಾಸ್ಕ್, ನನ್ನ ಕೈಯಳತೆಯ ಚರ್ಮದ ಗ್ಲೌಸು, ಮೂರೂ ಆನ್‌ಲೈನಿನಲ್ಲೇ ಬಂದದ್ದು. ಗ್ಲೌಸನ್ನಂತೂ ನಮ್ಮ ಪೇಟೆಯಲ್ಲಿ ಗಂಡಸರ ಕೈಗೆ ಮಾತ್ರ ಹೊಲಿಯುತ್ತಾರೆ.

ಇನ್ನು ಉದ್ರಿ. ಉದ್ರಿಯಲ್ಲಿರುವವನು ರೇಟು ಕೇಳುವುದಿಲ್ಲ, ಕಂಪನಿ ಆರಿಸುವುದಿಲ್ಲ, ಬಿಲ್ಲು ಕೊಡಿ ಎನ್ನುವುದಿಲ್ಲ. ಬಡ್ಡಿಯ ಮಾತೆತ್ತಲಿಲ್ಲ ಎಂದಿರಿ. ಅದು ರೇಟಿನಲ್ಲೇ ಸೇರಿಲ್ಲ ಎಂದು ಹೇಗೆ ಗೊತ್ತಾಯಿತು? ನಾನು ಜಿಎಸ್‌ಟಿ ನೋಂದಣಿ ಮಾಡಿಸಿದ್ದೇನೆ. ಇಪ್ಪತ್ತು ಸಾವಿರದ ಸಾಮಾನಿನ ಮೇಲೆ ಶೇಕಡಾ 18 ಎಂದರೆ 3,600 ರೂಪಾಯಿ. ನನ್ನ ನಂಬರಿರುವ ಪಕ್ಕಾ ಬಿಲ್ಲು ಇದ್ದರೆ ಅಷ್ಟು ನನ್ನ ಲೆಕ್ಕಕ್ಕೆ ಜಮಾ. ಚೀಟಿಯಲ್ಲಿ ಗೀಚಿದ ಕಚ್ಚಾ ಬಿಲ್ಲಿಗೆ ಅದು ಸಿಗುವುದಿಲ್ಲ.

ರಾತ್ರಿ ಹನ್ನೊಂದಕ್ಕೆ ಕಡ್ಡಿ ಮುಗಿಯಿತು ಎನ್ನುವುದು ಅಂಗಡಿಯ ಪರವಾದ ವಾದವಲ್ಲ ಅಣ್ಣಾ, ಸಂಜೆ ಏಳಕ್ಕೆ ಪೆಟ್ಟಿಗೆ ತೆರೆದು ನೋಡದವರ ಕಥೆ. ಗ್ಯಾಸಿನ ಮಾತು ಬೇರೆ, ಅದು ಕೊರಿಯರಿನಲ್ಲಿ ಬರುವುದಿಲ್ಲ, ಬರಲೂಬಾರದು.

ಮತ್ತೆ ಪರ: ಒಂದು ಸಾಲಿನಲ್ಲಿ ದಾಟಿದ್ದು

ತಂಗಿಯ ಬರಹವನ್ನು ಸಾಹುಕಾರರಿಗೆ ಓದಿ ತೋರಿಸಿದೆ. 'ಯಜಮಾನ್ರು ಬಂದಿಲ್ವಾ' ಎನ್ನುವಲ್ಲಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. 'ನಾನೂ ಹಂಗ ಕೇಳೀನಿ' ಎಂದರು. ಬಿಡಿ 7018 ಎಲ್ಲಿಡುತ್ತೀರಿ ಎಂದೆ. ಒಳಗೆ ಬಲ್ಬು ಉರಿಯುವ ಮರದ ಕಪಾಟು ತೋರಿಸಿದರು. ಬೆಚ್ಚಗೇನೋ ಇತ್ತು. ಪ್ಯಾಕು ಎಂದು ಒಡೆದದ್ದು ಎಂದು ಕೇಳಿದೆ. ಅವರಿಗೂ ನೆನಪಿರಲಿಲ್ಲ. ಅವೆರಡರಲ್ಲಿ ನಾನು ಸೋತೆ. ಬಟ್ಟೆ ಒಣಗಿಸುವ ತಂತಿಗೂ ನನ್ನಲ್ಲಿ ಉತ್ತರವಿಲ್ಲ.

ಆದರೆ ತಂಗೀ, ಗ್ಯಾಸನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ. ಡಿಎ ಸಿಲಿಂಡರೆಂದರೆ ಅಸಿಟೋನ್ ಹೀರಿಕೊಂಡ ಗಟ್ಟಿಯಲ್ಲಿ ಕರಗಿ ಕೂತ ಅಸಿಟಿಲೀನ್. ಅಡ್ಡ ಮಲಗಿಸಿ ಬಳಸುವಂತಿಲ್ಲ, ಬಿಸಿಲಿಗೆ ಬಿಡುವಂತಿಲ್ಲ. ಅದನ್ನು ತುಂಬುವವರೂ ಲೆಕ್ಕಕ್ಕಿಂತ ಹೆಚ್ಚು ಇಟ್ಟುಕೊಳ್ಳುವವರೂ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿಗೆ ಬದ್ಧರಾಗಿರಬೇಕು. ಹೋದ ತಿಂಗಳು ನನ್ನ ಸಿಲಿಂಡರಿನ ವಾಲ್ವಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದವು. ಅರ್ಧ ಗಂಟೆಯಲ್ಲಿ ಅಂಗಡಿಯ ಹುಡುಗ ಬಂದು ಬದಲಿಸಿಕೊಟ್ಟ. ಸಿಲಿಂಡರ್ ತುಂಬಿಸಿ ಕೊಡುವುದರಲ್ಲಿ ಅವರಿಗೆ ಉಳಿಯುವುದು ಅಷ್ಟಕ್ಕಷ್ಟೆ. ಅಂಗಡಿಯ ಬಾಡಿಗೆ ಹುಟ್ಟುವುದು ಕಡ್ಡಿ, ಗ್ಲೌಸು, ಕಟಿಂಗ್ ವೀಲಿನಲ್ಲಿ. ಅವೆಲ್ಲ ಮೊಬೈಲಿಗೆ ಹೋದ ಮೇಲೆ ಬರೀ ಸಿಲಿಂಡರಿಗೋಸ್ಕರ ಅವರು ಶಟರ್ ಎತ್ತುತ್ತಾರೆಯೇ? ನಿಮ್ಮ ತೀರ್ಥಹಳ್ಳಿಗೆ ಡಿಎ ಯಾರು ತರುತ್ತಾರೆ, ಅವರ ಹತ್ತಿರ ನೀವು ಇನ್ನೇನು ಕೊಳ್ಳುತ್ತೀರಿ, ಆ ಲೆಕ್ಕ ಬರೆದು ಕಳಿಸಿ.