ಹೊಲವೂ ಕೆಲಸದ ಜಾಗವೇ

ಈ ಪುಟದಲ್ಲಿ ಬೀಜ, ಗೊಬ್ಬರ, ಔಷಧಿಗಳ ಮಾತು ಬರುವುದು ವಾಡಿಕೆ. ಈ ವಾರ ಆಳುಗಳ ಮಾತು, ಅದರಲ್ಲೂ ಹೆಣ್ಣಾಳುಗಳ ಮಾತು. ನಾಟಿ ಹಾಕುವವರು, ಕಳೆ ತೆಗೆಯುವವರು, ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸುವವರು ಬಹುಮಟ್ಟಿಗೆ ಹೆಂಗಸರೇ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇಶದ ಹಳ್ಳಿಗಳಲ್ಲಿ ದುಡಿಯುವ ಹೆಂಗಸರ ಪೈಕಿ ಸುಮಾರು ಮುಕ್ಕಾಲು ಪಾಲು ಬೇಸಾಯದಲ್ಲೇ ಇದ್ದಾರೆ. ಅವರ ಕೂಲಿ ಎಷ್ಟು, ಊಟ ಯಾರದು, ಎಷ್ಟು ಹೊತ್ತಿಗೆ ಹೊಲಕ್ಕೆ ಇಳಿಯಬೇಕು, ಇವೆಲ್ಲ ನಮ್ಮಲ್ಲಿ ಮಾತಾಗುತ್ತವೆ. ಬದುವಿನ ಮೇಲೆ ನಿಂತವರ ಬಾಯಿಂದ ಅವರು ಏನೇನು ಕೇಳಬೇಕಾಗುತ್ತದೆ, ಟ್ರ್ಯಾಕ್ಟರ್ ಹತ್ತಿಸುವ ನೆಪದಲ್ಲಿ ಯಾರ ಕೈ ಎಲ್ಲಿಗೆ ಹೋಗುತ್ತದೆ, ಸಂಜೆ ಬಟವಾಡೆಯ ಹೊತ್ತಿನಲ್ಲಿ ಯಾರನ್ನು ಮಾತ್ರ ತಡೆದು ನಿಲ್ಲಿಸಲಾಗುತ್ತದೆ ಎಂಬುದು ಮಾತಾಗುವುದಿಲ್ಲ. ಆಕೆ ಮರುದಿನ ಕೆಲಸಕ್ಕೆ ಬರುವುದಿಲ್ಲ, ಅಷ್ಟೆ. ‘ಈಗಿನ ಆಳುಗಳಿಗೆ ಮೈಗಳ್ಳತನ’ ಎಂದು ನಾವು ಹೇಳಿ ಮುಗಿಸುತ್ತೇವೆ.

ಇದಕ್ಕೊಂದು ಕಾಯಿದೆ ಇದೆ. ಅದು ಪಟ್ಟಣದ ಕಚೇರಿ, ಕಾರ್ಖಾನೆಗಳಿಗೆ ಸೇರಿದ್ದೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಆದರೆ ಆ ಕಾಯಿದೆ ಹುಟ್ಟಿದ್ದೇ ಒಂದು ಹೊಲದಲ್ಲಿ.

ರಾಜಸ್ಥಾನದ ಜೈಪುರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಭಟೇರಿ ಎಂಬ ಹಳ್ಳಿ ಇದೆ. ಅಲ್ಲಿ ಭನ್ವಾರಿ ದೇವಿ ಎಂಬ ಕುಂಬಾರರ ಹೆಣ್ಣುಮಗಳು ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’ ಆಗಿ, ಅಂದರೆ ಗ್ರಾಮ ಕಾರ್ಯಕರ್ತೆಯಾಗಿ, 1985ರಿಂದ ಕೆಲಸ ಮಾಡುತ್ತಿದ್ದಳು. ಬಾಲ್ಯವಿವಾಹ ತಡೆಯುವುದು ಆಕೆಯ ಕೆಲಸದ ಒಂದು ಭಾಗ. 1992ರಲ್ಲಿ ಊರಿನ ಬಲವಾದ ಮನೆತನವೊಂದರಲ್ಲಿ ಇನ್ನೂ ವರ್ಷ ತುಂಬದ ಹಸುಗೂಸಿಗೆ ಮದುವೆ ಗೊತ್ತಾಯಿತು. ಮೇಲಿನಿಂದ ಬಂದ ಆದೇಶದಂತೆ ಆಕೆ ಅದನ್ನು ತಡೆಯಲು ಹೋದಳು. ಊರು ಆಕೆಗೆ ಬಹಿಷ್ಕಾರ ಹಾಕಿತು. ಆಕೆಯ ಮನೆಯ ಮಡಕೆ ಕೊಳ್ಳುವವರು ಇಲ್ಲವಾದರು. ಅದೇ ವರ್ಷ ಸೆಪ್ಟೆಂಬರ್ 22ರಂದು ಗಂಡನ ಜೊತೆ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಐವರು ಗಂಡಸರು ಬಂದು ಗಂಡನನ್ನು ಹೊಡೆದುಹಾಕಿ ಆಕೆಯ ಮೇಲೆ ಅತ್ಯಾಚಾರ ನಡೆಸಿದರೆಂದು ಆಕೆ ದೂರು ಕೊಟ್ಟಳು.

1995ರ ನವೆಂಬರಿನಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆಪಾದನೆಯಿಂದ ಬಿಡುಗಡೆ ಮಾಡಿ, ಸಣ್ಣಪುಟ್ಟ ಅಪರಾಧಗಳಿಗೆ ಮಾತ್ರ ಶಿಕ್ಷೆ ಕೊಟ್ಟಿತು. ಮೇಲುಜಾತಿಯ ಗಂಡಸರು ಕೆಳಜಾತಿಯ ಹೆಂಗಸನ್ನು ಮುಟ್ಟುವುದು ನಂಬಲರ್ಹವಲ್ಲ ಎಂಬ ಧಾಟಿಯ ಮಾತು ಆ ತೀರ್ಪಿನಲ್ಲಿತ್ತು. ಹಳ್ಳಿಯಲ್ಲಿ ಹುಟ್ಟಿ ಬೆಳೆದ ಯಾರೇ ಆಗಲಿ ಈ ಮಾತಿಗೆ ನಗಬೇಕೋ ಅಳಬೇಕೋ ತಿಳಿಯದು. ನೀರು ಮುಟ್ಟಿಸಿಕೊಳ್ಳದವರು ಹೆಂಗಸನ್ನು ಮುಟ್ಟಿದ ಕಥೆಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ!

ಇನ್ನು ಆಕೆಗೆ ಕೆಲಸ ಕೊಟ್ಟ ಸರ್ಕಾರ ಏನೆಂದಿತು? ಘಟನೆ ನಡೆದದ್ದು ಆಕೆಯ ಸ್ವಂತ ಹೊಲದಲ್ಲಿ, ಆದ್ದರಿಂದ ಅದಕ್ಕೂ ನಮಗೂ ಸಂಬಂಧವಿಲ್ಲ ಎಂದಿತು. ಈ ಉತ್ತರವನ್ನು ನೀವು ಸ್ವಲ್ಪ ನಿಂತು ಯೋಚಿಸಬೇಕು. ಆಕೆಯ ಮೇಲೆ ದ್ವೇಷ ಹುಟ್ಟಿದ್ದು ಸರ್ಕಾರದ ಕೆಲಸ ಮಾಡಿದ್ದಕ್ಕೆ. ಕೆಲಸ ಮಾಡಿಸಿಕೊಳ್ಳುವಾಗ ಆಕೆ ಸರ್ಕಾರದವಳು, ಪೆಟ್ಟು ಬಿದ್ದಾಗ ತನ್ನ ಪಾಡಿಗೆ ತಾನು.

ಆಗ ವಿಶಾಖಾ ಮತ್ತಿತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. ದುಡಿಯುವ ಹೆಂಗಸಿಗೆ ಕೆಲಸದ ಜಾಗದಲ್ಲಿ ರಕ್ಷಣೆ ಬೇಕು ಎಂಬುದು ಅವರ ಬೇಡಿಕೆ. ತೊಡಕು ಏನೆಂದರೆ, ಅಂಥ ಕಾಯಿದೆಯೇ ದೇಶದಲ್ಲಿರಲಿಲ್ಲ. ಇಲ್ಲದ ಕಾಯಿದೆಯನ್ನು ನ್ಯಾಯಾಲಯ ಎಲ್ಲಿಂದ ತರಬೇಕು? ಅದು ವಿಶ್ವಸಂಸ್ಥೆಯ ಒಂದು ಒಡಂಬಡಿಕೆಯ ಕಡೆಗೆ ಕೈ ಚಾಚಿತು.

ಆ ಒಡಂಬಡಿಕೆಯ ವಿಷಯ ಸ್ವಲ್ಪ ಹೇಳಬೇಕು. ಹೆಂಗಸರ ವಿರುದ್ಧದ ಎಲ್ಲ ಬಗೆಯ ತಾರತಮ್ಯಗಳನ್ನು ತೊಡೆಯುವ ಒಡಂಬಡಿಕೆ ಎಂದು ಅದರ ಹೆಸರು. 1979ರ ಡಿಸೆಂಬರ್ 18ರಂದು ವಿಶ್ವಸಂಸ್ಥೆಯ ಮಹಾಸಭೆ ಅದನ್ನು ಒಪ್ಪಿತು. ಕಚೇರಿ, ಶಾಲೆ, ಮತದಾನಗಳ ಜೊತೆಗೆ ಅದರ 14ನೆಯ ವಿಧಿ ಹಳ್ಳಿಯ ಹೆಂಗಸರಿಗಾಗಿಯೇ ಇದೆ. ಸಾಲ, ಮಾರುಕಟ್ಟೆ, ಸಹಕಾರ ಸಂಘ, ಭೂಸುಧಾರಣೆ, ಎಲ್ಲದರಲ್ಲೂ ಆಕೆಗೆ ಸಮಪಾಲು ಇರಬೇಕೆಂದು ಅದು ಹೇಳುತ್ತದೆ. ಭಾರತ 1980ರಲ್ಲಿ ರುಜು ಹಾಕಿತು. 1993ರ ಜುಲೈ 9ರಂದು, ಅಂದರೆ ಭಟೇರಿಯ ಘಟನೆ ನಡೆದು ವರ್ಷ ತುಂಬುವ ಮೊದಲೇ, ಅದನ್ನು ಅನುಮೋದಿಸಿತು. ಮೂಲ ಒಡಂಬಡಿಕೆಯಲ್ಲಿ ಹೆಂಗಸರ ಮೇಲಿನ ಹಲ್ಲೆಯ ಬಗ್ಗೆ ನೇರವಾದ ಮಾತಿರಲಿಲ್ಲ. ಅದರ ಪಾಲನೆಯನ್ನು ನೋಡಿಕೊಳ್ಳುವ 23 ಜನರ ಸಮಿತಿ 1992ರಲ್ಲಿ ಆ ಕೊರತೆಯನ್ನು ತುಂಬಿತು. ಹೆಣ್ಣೆಂಬ ಕಾರಣಕ್ಕೆ ನಡೆಯುವ ಹಲ್ಲೆಯೂ ತಾರತಮ್ಯವೇ, ಕೆಲಸದ ಜಾಗದ ಲೈಂಗಿಕ ಕಿರುಕುಳವೂ ಅದರಲ್ಲಿ ಸೇರಿದೆ ಎಂದು ಅದು ಸಾರಿತು.

ಇದೆಲ್ಲ ಬಿಳಿಯರು ಬರೆದು ನಮ್ಮ ಮೇಲೆ ಹೇರಿದ್ದು ಎಂದು ಮೂಗು ಮುರಿಯುವವರು ಒಂದು ಸಂಗತಿ ನೆನಪಿಡಲಿ. 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದ ಜಾಗಕ್ಕೆ ‘ಎಲ್ಲ ಮಾನವರು’ ಎಂಬ ಮಾತನ್ನು ಹಟ ಹಿಡಿದು ತರಿಸಿದವರು ನಮ್ಮ ದೇಶದ ಪ್ರತಿನಿಧಿಯಾಗಿ ಹೋಗಿದ್ದ ಹಂಸಾ ಮೆಹ್ತಾ.

1997ರ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ವರ್ಮ ಅವರ ಪೀಠ ತೀರ್ಪು ಕೊಟ್ಟಿತು. ಸರ್ಕಾರ ಹೊರದೇಶಗಳ ಮುಂದೆ ಬರೆದುಕೊಟ್ಟ ಮಾತು ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳಿಗೆ ಹೊಂದಿಕೊಳ್ಳುವಂಥದ್ದಾದರೆ, ಒಳಗೆ ಬೇರೆ ಕಾಯಿದೆ ಇಲ್ಲದಿದ್ದರೆ, ಆ ಮಾತನ್ನು ಹಕ್ಕುಗಳ ಒಳಗೇ ಸೇರಿಸಿ ಓದಬೇಕು ಎಂಬುದು ತೀರ್ಪಿನ ತಿರುಳು. ಕರಾರು ಪತ್ರಕ್ಕೆ ರುಜು ಹಾಕಿ ಬಂದು ಪೆಟ್ಟಿಗೆಯಲ್ಲಿಟ್ಟು ಮರೆಯುವ ಗೌಡನಿಗೆ ‘ರುಜು ನಿನ್ನದೇ, ಈಗ ನಡೆಸಿಕೊಡು’ ಎಂದಂತೆ. ಸಂಸತ್ತು ಕಾಯಿದೆ ಮಾಡುವವರೆಗೆ ಪಾಲಿಸಬೇಕಾದ ನಿಯಮಗಳನ್ನು ನ್ಯಾಯಾಲಯವೇ ಬರೆಯಿತು. ಕಾಯಿದೆ ಬರಲು ಮತ್ತೆ 16 ವರ್ಷ ಹಿಡಿಯಿತು. 2013ರ ಡಿಸೆಂಬರ್ 9ರಂದು ಅದು ಜಾರಿಗೆ ಬಂತು. ಭನ್ವಾರಿ ದೇವಿಯ ಮೇಲ್ಮನವಿ ಮಾತ್ರ ವರ್ಷಗಟ್ಟಲೆ ಕೊಳೆಯಿತು. ದೇಶಕ್ಕೆ ಕಾಯಿದೆ ತಂದುಕೊಟ್ಟವಳ ಪಾಲಿಗೆ ಬಂದದ್ದು ಇಷ್ಟು.

ಈಗ ನಿಮ್ಮ ಹೊಲಕ್ಕೆ ಬರೋಣ. ಈ ಕಾಯಿದೆಯ ಕಣ್ಣಿನಲ್ಲಿ ‘ಕೆಲಸದ ಜಾಗ’ ಎಂದರೆ ಅಸಂಘಟಿತ ವಲಯವೂ ಹೌದು. ಒಬ್ಬನೇ ಒಡೆಯನಿದ್ದು ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಸುಬೂ ಅದರಲ್ಲಿ ಸೇರಿದೆ. ದಿನಗೂಲಿಯವಳೂ ನೌಕರಳೇ. ಮೇಸ್ತ್ರಿಯ ಮೂಲಕ ಬಂದವಳೂ ನೌಕರಳೇ, ಆಕೆ ಬಂದದ್ದು ಒಡೆಯನಿಗೆ ಗೊತ್ತಿರಲಿ ಇಲ್ಲದಿರಲಿ. ಕೂಲಿ ಕೊಟ್ಟರೂ ಕೊಡದಿದ್ದರೂ ಎಂಬ ಮಾತು ಕಾಯಿದೆಯಲ್ಲಿರುವುದರಿಂದ ಮುಯ್ಯಾಳಿಗೆ ಬಂದವಳೂ ಹೊರಗುಳಿಯುವುದಿಲ್ಲ ಎಂದೇ ನನ್ನ ಎಣಿಕೆ. ನೀವು ಗೊತ್ತುಮಾಡಿ ಕಳಿಸಿದ ಟ್ರ್ಯಾಕ್ಟರು, ಟೆಂಪೊ, ಜೀಪುಗಳೂ ಕೆಲಸದ ಜಾಗವೇ. ಮೈಮುಟ್ಟುವುದಷ್ಟೇ ಕಿರುಕುಳವಲ್ಲ, ಪೋಲಿ ಮಾತು, ಕೆಟ್ಟ ಬೇಡಿಕೆ, ಮೊಬೈಲಿನಲ್ಲಿ ಅಶ್ಲೀಲ ಚಿತ್ರ ತೋರಿಸುವುದು, ಆಕೆಗೆ ಬೇಡವಾದ ಸನ್ನೆ, ಎಲ್ಲವೂ ಸೇರುತ್ತವೆ. ‘ತಮಾಷೆಗೆ ಅಂದೆ’ ಎಂಬ ಸಮಜಾಯಿಷಿ ಇಲ್ಲಿ ನಡೆಯದು. ಬೇಡವಾಗಿತ್ತೇ ಇಲ್ಲವೇ ಎಂದು ಹೇಳಬೇಕಾದವಳು ಆಕೆ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ, ಅಂದರೆ ದೊಡ್ಡ ಎಸ್ಟೇಟು, ಸಕ್ಕರೆ ಕಾರ್ಖಾನೆ ಮುಂತಾದ ಕಡೆ, ಒಡೆಯನೇ ಒಳಸಮಿತಿ ರಚಿಸಬೇಕು. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ನಮ್ಮಂಥ ಸಣ್ಣ ಹಿಡುವಳಿದಾರರ ಆಳುಗಳಿಗೆ, ಮತ್ತು ಒಡೆಯನೇ ಆರೋಪಿಯಾದಾಗ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಅದರ ಅಧ್ಯಕ್ಷರು ಹೆಂಗಸೇ ಆಗಿರಬೇಕು. ಪ್ರತಿ ತಾಲ್ಲೂಕಿನಲ್ಲಿ ದೂರು ತೆಗೆದುಕೊಳ್ಳುವ ನೋಡಲ್ ಅಧಿಕಾರಿ ಇರಬೇಕು. ದೂರನ್ನು 7 ದಿನಗಳೊಳಗೆ ಸಮಿತಿಗೆ ಕಳಿಸಬೇಕು. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು, ಕಾರಣವಿದ್ದರೆ ಇನ್ನೂ 3 ತಿಂಗಳು ಸಿಗಬಹುದು. ಬರೆಯಲು ಬಾರದಿದ್ದರೆ ಬರೆದುಕೊಡುವ ನೆರವನ್ನು ಸಮಿತಿಯೇ ಕೊಡಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆಕೆಯ ಹೆಸರನ್ನು ಬಹಿರಂಗ ಮಾಡುವಂತಿಲ್ಲ. ಪೊಲೀಸ್ ಠಾಣೆಗೆ ಹೋಗುವ ದಾರಿ ಬೇರೆಯಾಗಿ ಇದ್ದೇ ಇದೆ.

ಎರಡು ಅಂಶಗಳು ನಿಮಗೆ ಬೇಗ ಹಿಡಿಸುವಂಥವು. ಪರಿಹಾರ ಕೊಡೆಂದು ಆದೇಶವಾದ ಮೇಲೂ ತಪ್ಪು ಮಾಡಿದವನು ಕೊಡದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಭೂಕಂದಾಯದ ಬಾಕಿ ಎಂದರೇನೆಂದು ರೈತನಿಗೆ ವಿವರಿಸಬೇಕೆ? ಇನ್ನೊಂದು, ರಾಜಿಯ ವಿಷಯ. ಆಕೆಯೇ ಕೇಳಿಕೊಂಡರೆ ಮಾತ್ರ ರಾಜಿ. ಅದೂ ಹಣದ ಮೇಲೆ ನಿಂತ ರಾಜಿ ಆಗಬಾರದು. ನಮ್ಮ ಕಟ್ಟೆಯ ಪಂಚಾಯಿತಿಗಳ ರೀತಿ ಇದಕ್ಕೆ ನೇರ ವಿರುದ್ಧ. ಅಲ್ಲಿ ಹಿರಿಯರು ಕೂಡುತ್ತಾರೆ, ಗಂಡನನ್ನೋ ಅಪ್ಪನನ್ನೋ ಕರೆಸುತ್ತಾರೆ, ಒಂದಿಷ್ಟು ದಂಡ ಕಟ್ಟಿಸಿ ‘ಊರ ಮರ್ಯಾದೆ’ ಉಳಿಸುತ್ತಾರೆ. ಅಷ್ಟು ಹೊತ್ತೂ ಆಕೆ ಬಾಗಿಲ ಹಿಂದೆ. ನೊಂದವಳನ್ನು ಕೇಳದೆ ಆಡುವ ನ್ಯಾಯ ಊರ ಗಂಡಸರ ನಡುವಿನ ಲೆಕ್ಕ ಚುಕ್ತಾ, ಅದಕ್ಕಿಂತ ಹೆಚ್ಚೇನಲ್ಲ.

‘ಹೀಗೆಲ್ಲ ಬರೆದರೆ ಆಳುಗಳು ತಲೆಯ ಮೇಲೆ ಕೂರುತ್ತಾರೆ, ಸುಳ್ಳು ದೂರು ಕೊಟ್ಟು ಮಾನ ಕಳೆಯುತ್ತಾರೆ’ ಎಂದು ನಿಮ್ಮಲ್ಲಿ ಕೆಲವರು ಹೇಳುವಿರಿ. ಬೇಕೆಂದೇ ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮಕ್ಕೆ ಕಾಯಿದೆಯಲ್ಲೇ ಅವಕಾಶವಿದೆ. ಸಾಕ್ಷಿ ಸಾಲದೆ ಹೋಯಿತು ಎಂಬುದಷ್ಟಕ್ಕೆ ದೂರು ಸುಳ್ಳಾಗುವುದಿಲ್ಲ ಎಂಬ ಮಾತೂ ಇದೆ. ಆದರೆ ನಾನು ಕೇಳುವುದು ಬೇರೆ. ಎರಡೆಕರೆ ಖುಷ್ಕಿ ಇರುವ ರೈತ ತನ್ನ ಹೊಲಕ್ಕೆ ಆಳು ಕರೆಯುವ ದಿನ ಒಡೆಯ. ತನ್ನ ಕೆಲಸ ಮುಗಿದ ಮೇಲೆ ಅವನ ಹೆಂಡತಿ, ಮಗಳು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಅಲ್ಲಿನ ಬದುವಿನ ಮೇಲೆ ನಿಂತವನ ಬಾಯಿ ಹೇಗಿರಬೇಕೆಂದು ಅವನು ಬಯಸುತ್ತಾನೆ?

ಕಬ್ಬಿನ ಸೀಮೆಯವರಿಗೆ ಇನ್ನೊಂದು ಮಾತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯುವವರು ನಮ್ಮ ಗಡಿ ಜಿಲ್ಲೆಗಳಿಗೂ ಬರುತ್ತಾರೆ. ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’ ಎಂದು ಲೆಕ್ಕ, ಮುಂಗಡವೂ ಜೋಡಿಗೇ. ಮುಟ್ಟಿನ ನೋವೆಂದು ಆಕೆ ಒಂದು ದಿನ ಕುಳಿತರೆ ಮುಕಾದಮನು ದಂಡ ಹಿಡಿಯುತ್ತಾನೆ. ಆದ್ದರಿಂದ ಗರ್ಭಕೋಶವನ್ನೇ ತೆಗೆಸಿಕೊಂಡು ಕಡಿಯಲು ಬರುವವರು ಹೆಚ್ಚಿದ್ದಾರೆಂಬ ಸುದ್ದಿ 2019ರಲ್ಲಿ ಹೊರಬಿತ್ತು. ಮಹಾರಾಷ್ಟ್ರ ಸರ್ಕಾರ ಸಮಿತಿ ನೇಮಿಸಿ ಬೀಡ್ ಜಿಲ್ಲೆಯ 82,000ಕ್ಕೂ ಹೆಚ್ಚು ಹೆಂಗಸರನ್ನು ವಿಚಾರಿಸಿದಾಗ 13,000ಕ್ಕೂ ಮಿಕ್ಕಿ ಜನರಿಗೆ ಆ ಶಸ್ತ್ರಚಿಕಿತ್ಸೆ ಆಗಿತ್ತು. ಅದೇ ವಿಶ್ವಸಂಸ್ಥೆಯ ಒಡಂಬಡಿಕೆಯ 11ನೆಯ ವಿಧಿ, ಕೆಲಸದ ಪರಿಸ್ಥಿತಿ ಹೆಂಗಸಿನ ಸಂತಾನಶಕ್ತಿಗೆ ಧಕ್ಕೆ ತರದಂತೆ ಕಾಪಾಡಬೇಕೆನ್ನುತ್ತದೆ. ಗದ್ದೆಯ ಮಗ್ಗುಲಲ್ಲಿ ಮರೆ ಕಟ್ಟಿದ ಒಂದು ಕಕ್ಕಸು, ಒಂದು ಹಂಡೆ ನೀರು, ತಿಂಗಳಲ್ಲಿ ಎರಡು ದಿನದ ಬಿಡುವು, ಇವಕ್ಕೆ ತಗಲುವ ಖರ್ಚು ಒಂದು ಲೋಡು ಕಬ್ಬಿನ ಬೆಲೆಗಿಂತ ಬಹಳ ಕಡಿಮೆ.

ವಿಶ್ವಸಂಸ್ಥೆಗೇ ದೂರು ಬರೆಯಬಹುದೆ ಎಂದು ಓದಿದ ಹುಡುಗರು ಕೇಳಿಯಾರು. ಒಬ್ಬ ಹೆಂಗಸು ತನ್ನ ದೂರನ್ನು ನೇರವಾಗಿ ಆ 23 ಜನರ ಸಮಿತಿಯ ಮುಂದಿಡಲು ಅವಕಾಶ ಕೊಡುವ ಪೂರಕ ಒಪ್ಪಂದ 2000ರಲ್ಲಿ ಜಾರಿಗೆ ಬಂದಾಗ ಭಾರತ ಅದರಲ್ಲಿ ಸೇರಲಿಲ್ಲ. ಆದ್ದರಿಂದ ಜಿನೀವಾದ ಕಡೆ ನೋಡುತ್ತ ಕೂಡುವುದರಲ್ಲಿ ಅರ್ಥವಿಲ್ಲ, ತಾಲ್ಲೂಕು ಕಚೇರಿಯ ಕಡೆ ನೋಡಬೇಕು. ಅಲ್ಲಿಯೇ ನಮ್ಮ ದೊಡ್ಡ ಕೊರತೆ ಇರುವುದು. ಕಾಯಿದೆ ಬಂದು 11 ವರ್ಷವಾದ ಮೇಲೂ, 2024ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟು ರಾಜ್ಯಗಳನ್ನು ಗದರಿಸಬೇಕಾಯಿತು. ಪ್ರತಿ ಜಿಲ್ಲೆಗೆ ಅಧಿಕಾರಿಯನ್ನು ಡಿಸೆಂಬರ್ 31ರೊಳಗೆ ಗೊತ್ತುಮಾಡಿ, ಸ್ಥಳೀಯ ಸಮಿತಿಯನ್ನು 2025ರ ಜನವರಿ 31ರೊಳಗೆ ರಚಿಸಿ, ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಿ ಎಂದು ಗಡುವು ಕೊಟ್ಟಿತು. ಆ ಪೀಠದಲ್ಲಿದ್ದವರಲ್ಲಿ ಒಬ್ಬರು ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ನಾಗರತ್ನ. ಸಮಿತಿ ಇದೆ ಎಂಬುದು ಕಡತಕ್ಕೆ ಗೊತ್ತಿದ್ದು ಕಳೆ ತೆಗೆಯುವವಳಿಗೆ ಗೊತ್ತಿಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಮುಂದಿನ ಸಲ ತಾಲ್ಲೂಕಿಗೆ ಹೋದಾಗ, ಬೀಜ ಗೊಬ್ಬರದ ಕೆಲಸ ಮುಗಿದ ಮೇಲೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಬಾಗಿಲಿಗೂ ಒಮ್ಮೆ ಹೋಗಿರಿ. ನಮ್ಮ ತಾಲ್ಲೂಕಿನ ನೋಡಲ್ ಅಧಿಕಾರಿ ಯಾರು, ಜಿಲ್ಲೆಯ ಸ್ಥಳೀಯ ಸಮಿತಿಯ ಅಧ್ಯಕ್ಷೆ ಯಾರು, ಅವರ ಫೋನ್ ನಂಬರ್ ಏನು ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಗೊತ್ತಿಲ್ಲ ಎಂದರೆ ಊರಿನ ನಾಲ್ವರ ರುಜು ಹಾಕಿಸಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಿಕ್ಕ ಹೆಸರನ್ನು ವಾಚನಾಲಯದ ಕಪ್ಪು ಹಲಗೆಯ ಮೇಲೆ, ಡೈರಿಯಲ್ಲಿ ಹಾಲು ಅಳೆಯುವ ಕಿಟಕಿಯ ಪಕ್ಕದಲ್ಲಿ ಬರೆದು ಹಾಕಿರಿ. 181 ಎಂಬ ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನೂ ಅದರ ಕೆಳಗೆ ಬರೆಯಿರಿ. ಹಲಗೆ ಓದಲು ಬಾರದ ಹೆಂಗಸರಿಗೆ ನಾಟಿಯ ಸಾಲಿನಲ್ಲಿ ಓದಿದ ಹುಡುಗಿಯೊಬ್ಬಳು ಹೇಳಿಯಾಳು.