ಬಿಸಿಲಿನ ರಸಾಯನ ಪ್ರಯೋಗಾಲಯ ದಾಟಲಿ

ಒಂದು ಕಿಲೊ ಔಷಧ ತಯಾರಾಗುವಷ್ಟರಲ್ಲಿ 25ರಿಂದ 100 ಕಿಲೊ, ಕೆಲವೊಮ್ಮೆ ಅದಕ್ಕೂ ಹೆಚ್ಚು ತ್ಯಾಜ್ಯ ಹುಟ್ಟುತ್ತದೆ ಎಂಬ ಲೆಕ್ಕವನ್ನು ರಸಾಯನ ವಿಜ್ಞಾನಿ ರೋಜರ್ ಶೆಲ್ಡನ್ 1992ರಲ್ಲಿ ಮುಂದಿಟ್ಟರು. ದ್ರಾವಕಗಳು, ಅಣುಗಳ ಬಂಧ ಮುರಿದು ಕಟ್ಟಲು ಸುರಿಯುವ ತೀಕ್ಷ್ಣ ರಾಸಾಯನಿಕಗಳ ಶೇಷ ಎಲ್ಲವೂ ಅದರಲ್ಲಿ ಸೇರಿವೆ. ಆ ರಾಸಾಯನಿಕಗಳ ಕೆಲಸದ ಒಂದು ಪಾಲನ್ನು ಬಿಸಿಲು ಮಾಡಬಲ್ಲದು. ಬೆಳಕಿನ ಕಣ ತನ್ನ ಶಕ್ತಿಯನ್ನು ಅಣುವಿಗೆ ಕೊಟ್ಟು ಇಲ್ಲವಾಗುತ್ತದೆ, ತನ್ನದೆಂಬ ಕಸವನ್ನು ಬಿಡುವುದಿಲ್ಲ.

ಈ ವಿಚಾರಕ್ಕೆ ನೂರು ವರ್ಷ ದಾಟಿದೆ. ಇಟಲಿಯ ಬೊಲೋನ್ಯಾದಲ್ಲಿ ಜಾಕೊಮೊ ಚಾಮಿಚಿಯನ್ ಮತ್ತು ಪೌಲ್ ಸಿಲ್ಬರ್ ಗಾಜಿನ ಪಾತ್ರೆಗಳನ್ನು ಬಿಸಿಲಿಗಿಟ್ಟು ಸಾವಯವ ಕ್ರಿಯೆಗಳನ್ನು ಅಧ್ಯಯನ ಮಾಡಿದರು. ಕಲ್ಲಿದ್ದಲನ್ನೇ ನೆಚ್ಚಿದ ನಾಗರಿಕತೆ ಸೂರ್ಯನ ಕಡೆ ತಿರುಗಬೇಕೆಂದು ಚಾಮಿಚಿಯನ್ 1912ರಲ್ಲಿ ನ್ಯೂಯಾರ್ಕ್‌ನ ಸಮಾವೇಶದಲ್ಲಿ ವಾದಿಸಿದರು.

ಆಗ ಎದುರಾದದ್ದು ನಿಜವಾದ ತೊಡಕು. ಹೆಚ್ಚಿನ ಸಾವಯವ ಅಣುಗಳು ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದೇ ಇಲ್ಲ. 2008ರಿಂದೀಚೆಗೆ ಪ್ರಿನ್ಸ್‌ಟನ್‌ನ ಡೇವಿಡ್ ಮ್ಯಾಕ್‌ಮಿಲನ್, ವಿಸ್ಕಾನ್ಸಿನ್‌ನ ತೆಹ್ಶಿಕ್ ಯೂನ್ ಮೊದಲಾದವರು ಬೆಳಕನ್ನು ಹೀರಿ ಎಲೆಕ್ಟ್ರಾನ್ ದಾಟಿಸುವ ರುಥೇನಿಯಂ ವೇಗವರ್ಧಕಗಳಿಂದ ಆ ಗಂಟು ಬಿಡಿಸಿದರು. ರುಥೇನಿಯಂ ಅಪರೂಪದ, ದುಬಾರಿ ಲೋಹ. ಹಾಗಾಗಿ ಇಯೋಸಿನ್‌ನಂಥ ಅಗ್ಗದ ಬಣ್ಣಗಳೂ ಹಲವು ಕ್ರಿಯೆಗಳಿಗೆ ಸಾಕೆಂಬುದು ನಮ್ಮಂಥ ದೇಶಗಳಿಗೆ ಹೆಚ್ಚು ಮುಖ್ಯವಾದ ಸುದ್ದಿ.

ಎರಡನೆಯ ತೊಡಕು ಗಾತ್ರದ್ದು. ಗಾಢ ಬಣ್ಣದ ದ್ರಾವಣದಲ್ಲಿ ಬೆಳಕು ಕೆಲವೇ ಮಿಲಿಮೀಟರ್ ಇಳಿಯುತ್ತದೆ, ದೊಡ್ಡ ತೊಟ್ಟಿಯ ಒಳಗೆಲ್ಲ ಕತ್ತಲೆ. ಇದಕ್ಕೆ ಉತ್ತರ ಸಪೂರ ಕೊಳವೆಗಳಲ್ಲಿ ದ್ರಾವಣ ಹರಿಸುವುದು. ಬಿಸಿಲನ್ನು ಹೀರಿ, ಒಳಗಿನ ಕೊಳವೆಗಳಿಗೆ ಬೇಕಾದ ಬಣ್ಣದ ಬೆಳಕಾಗಿ ಹೊರಸೂಸುವ ಎಲೆಯಾಕಾರದ ಫಲಕವನ್ನು ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ 2016ರಲ್ಲಿ ತೋರಿಸಿತು.

ಸೌರಫಲಕದ ವಿದ್ಯುತ್ತಿನಿಂದ ಎಲ್‌ಇಡಿ ಉರಿಸಿದರಾಗದೇ? ಆಗುತ್ತದೆ, ರಾತ್ರಿಗೂ ಮೋಡಕ್ಕೂ ಅದೇ ಗತಿ. ಆದರೆ ಫಲಕ ಬಿಸಿಲಿನ ಐದನೇ ಒಂದು ಪಾಲನ್ನಷ್ಟೇ ವಿದ್ಯುತ್ತಾಗಿಸುತ್ತದೆ, ದೀಪದಲ್ಲಿ ಅದರಲ್ಲೂ ಅರ್ಧದಷ್ಟು ಸೋರಿಹೋಗುತ್ತದೆ. ಮೂಲ ಬೆಳಕೇ ಕೆಲಸಕ್ಕೆ ಒದಗುವಾಗ ಈ ಸುತ್ತುದಾರಿ ಯಾಕೆ ಎಂದು ಪ್ರತಿ ಕ್ರಿಯೆಗೂ ಕೇಳಬೇಕು.

ಲಕ್ಷಗಟ್ಟಲೆ ಟನ್ ತಯಾರಾಗುವ ಪ್ಲಾಸ್ಟಿಕ್ಕಿಗೆ ಬಿಸಿಲು ಸದ್ಯ ಸಾಲದು. ಕಡಿಮೆ ಪ್ರಮಾಣದಲ್ಲಿ ಬೇಕಾಗುವ, ಬೆಲೆ ಹೆಚ್ಚಿರುವ ಔಷಧ, ಸುಗಂಧಗಳಿಂದ ಆರಂಭಿಸುವುದೇ ವಿವೇಕ. ಗುಲಾಬಿ ಪರಿಮಳದ ರೋಸ್ ಆಕ್ಸೈಡನ್ನು ಉದ್ಯಮವೇ ಬೆಳಕಿನ ಕ್ರಿಯೆಯಿಂದ ತಯಾರಿಸುತ್ತದೆ. ಅದನ್ನು ಬಿಸಿಲಿನಿಂದ ಮಾಡುವ ಲೆಕ್ಕಾಚಾರ ನಡೆಸಿದ್ದು ಮೋಡ ಕವಿಯುವ ಜರ್ಮನಿಯ ಕಲೋನ್‌ನಲ್ಲಿ!

ಇತ್ತ ನಮ್ಮ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹರಳುಗಳೊಳಗಿನ ಬೆಳಕಿನ ಕ್ರಿಯೆಗಳ ಬಗ್ಗೆ 1980ರ ದಶಕದಲ್ಲೇ ಗಂಭೀರ ಕೆಲಸ ನಡೆದಿದೆ. ಬಿಸಿಲೂ ಉಂಟು, ವಿದ್ಯೆಯೂ ಉಂಟು. ಇವೆರಡನ್ನೂ ಜೋಡಿಸುವ ಪ್ರಾಯೋಗಿಕ ಘಟಕಗಳಿಗೆ ಹಣ ಹರಿಯಬೇಕು. ಪ್ರಬಂಧ ಪ್ರಕಟವಾದರೆ ಕೆಲಸ ಮುಗಿಯಿತೆಂಬ ಧೋರಣೆ ಬಿಟ್ಟು, ಒಂದು ಚದರ ಮೀಟರ್ ಬಿಸಿಲಿಗೆ ಎಷ್ಟು ಉತ್ಪನ್ನ ಬಂತು, ಒಂದು ಕಿಲೊಗೆ ಎಷ್ಟು ದ್ರಾವಕ ಚೆಲ್ಲಿತು ಎಂಬ ಲೆಕ್ಕವನ್ನು ಅನುದಾನದ ಷರತ್ತಾಗಿಸಬೇಕು. ದ್ರಾವಕವನ್ನು ಲೆಕ್ಕದಿಂದ ಹೊರಗಿಟ್ಟು ಬಿಸಿಲನ್ನಷ್ಟೇ ತೋರಿಸಿ ಹಸಿರು ಎನ್ನುವುದನ್ನು ಕಾರ್ಖಾನೆಯ ಪಕ್ಕದ ಬಾವಿ ನೀರು ಕುಡಿಯುವವರು ಒಪ್ಪಬೇಕಿಲ್ಲ.