ಹಳದಿ ಕಲೆ ಕೆಂಪಾದಾಗ

ಹಬ್ಬದ ಪಂಕ್ತಿಯಲ್ಲಿ ಹುಳಿ ಬಡಿಸುತ್ತಿದ್ದ ಹೊಸ ಸೊಸೆಯ ಕೈ ತುಸು ನಡುಗಿತು. ಸೌಟಿನಿಂದ ಸಿಡಿದ ನಾಲ್ಕು ಹನಿ ಮಾವನವರ ಹೊಸ ಪಂಚೆಯ ಮೇಲೆ ಬಿದ್ದುವು. ಊಟವಾಗಿ ಅವರು ಪಂಚೆ ಬದಲಿಸಿದೊಡನೆ ಆಕೆ ಅದನ್ನು ಬಚ್ಚಲಿಗೊಯ್ದು ಸಾಬೂನು ತಿಕ್ಕಿದಳು. ಹಳದಿ ಕಲೆ ಮಾಯವಾಗುವ ಬದಲು ನೆತ್ತರಿನಂತೆ ಕೆಂಪಾಯಿತು! ಪಂಚೆ ಕೆಟ್ಟೇಹೋಯಿತೆಂದು ಬಗೆದು ಕಣ್ಣು ತುಂಬಿ ನಿಂತವಳನ್ನು ಕಂಡು ಅತ್ತೆ ನಕ್ಕರು.

“ಬೆಳಿಗ್ಗೆ ಆರತಿಗೆಂದು ಅರಿಸಿನದ ನೀರಿಗೆ ಸುಣ್ಣ ಕದಡಿದವಳು ನೀನೇ ಅಲ್ಲವೇನಮ್ಮ? ಅದೂ ಇದೂ ಒಂದೇ.”

ಅತ್ತೆಯವರ ಮಾತು ರಸಾಯನಶಾಸ್ತ್ರಕ್ಕೂ ಸಮ್ಮತವಾದುದೇ. ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ದ್ರವ್ಯ ಕ್ಷಾರ ಸೋಕಿದರೆ ಕೆಂಪಾಗುತ್ತದೆ. ಆಮ್ಲ ಸೋಕಿದರೆ ಮರಳಿ ಹಳದಿಯಾಗುತ್ತದೆ. ಸುಣ್ಣವೂ ಕ್ಷಾರ, ಬಟ್ಟೆಯ ಸಾಬೂನೂ ಕ್ಷಾರ. ಆದುದರಿಂದ ಕೆಂಪು ಕಂಡು ಕಂಗೆಡಬೇಕಾದುದಿಲ್ಲ. ಒಗ್ಗರಣೆಯ ಜಿಡ್ಡು ಬಿಡಿಸಲು ಸಾಬೂನು ಬೇಕೇ ಬೇಕು. ಅದನ್ನು ಎರಡು ಮೂರು ನೀರಿನಲ್ಲಿ ಜಾಲಿಸಿ ಕಳೆದರೆ ಕೆಂಪು ಇಳಿಯುತ್ತದೆ; ಇಳಿಯದಿದ್ದರೆ ಅರ್ಧ ನಿಂಬೆಹಣ್ಣಿನ ರಸ ಸಾಕು. ಆಮೇಲೂ ಉಳಿಯುವ ಹಳದಿಯನ್ನು ತೆಗೆಯಬಲ್ಲವನು ಸೂರ್ಯ. ಬೆಳಕಿಗೆ ಕರ್ಕ್ಯುಮಿನ್ ಒಡೆದುಹೋಗುತ್ತದೆ. ಕಲೆಯ ಭಾಗ ಮೇಲಾಗುವಂತೆ ಒದ್ದೆ ಬಟ್ಟೆಯನ್ನೇ ಒಂದೆರಡು ದಿನ ಬಿಸಿಲಿಗೆ ಹರವಬೇಕು.

ಇಷ್ಟು ತಾಳ್ಮೆಯಿಲ್ಲದವರು ನಿಂಬೆರಸ ಹಿಂಡಿದ ಬಟ್ಟೆಗೇ ಬ್ಲೀಚಿಂಗ್ ಪೌಡರನ್ನೂ ಸುರಿಯುವುದುಂಟು. ಆಗ ಪ್ರಶ್ನೆ ಬಟ್ಟೆಯದಲ್ಲ, ಪ್ರಾಣದ್ದು. ಆಮ್ಲದೊಡನೆ ಬೆರೆತ ಆ ಪುಡಿ ಕ್ಲೋರಿನ್ ಅನಿಲವನ್ನು ಹೊರಬಿಡುತ್ತದೆ. 1915ರಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಸೈನಿಕರ ಉಸಿರು ಕಟ್ಟಿಸಿದ ವಿಷಾನಿಲ ಅದೇ. ಕಿಟಕಿ ಮುಚ್ಚಿದ ಕಿರಿದಾದ ಬಚ್ಚಲಲ್ಲಿ ಅದರೊಡನೆ ಸರಸವಾಡುವುದು ಬೇಡ. ನಿಂಬೆ, ವಿನಿಗರ್, ಕಕ್ಕಸು ತೊಳೆಯುವ ಆಸಿಡ್, ಇವಾವುವೂ ಆ ಪುಡಿಯ ಹತ್ತಿರ ಸುಳಿಯಕೂಡದು.

ಎಲ್ಲ ಕಲೆಗೂ ಒಂದೇ ಮದ್ದು ಎಂಬುದು ಜಾಹೀರಾತಿನವರ ಮಾತು. ಹಾಲು, ಮೊಟ್ಟೆ, ರಕ್ತ ಇವುಗಳ ಕಲೆಗೆ ಮೊದಲು ತಣ್ಣೀರೇ ಆಗಬೇಕು. ಬಿಸಿನೀರು ಹಾಕಿದರೆ, ಬೇಯಿಸಿದ ಮೊಟ್ಟೆ ಗಟ್ಟಿಯಾಗುವಂತೆ, ಅವುಗಳಲ್ಲಿರುವ ಪ್ರೋಟೀನು ನೂಲಿನಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ದೀಪದ ಎಣ್ಣೆ ಚೆಲ್ಲಿದರೆ ನೀರು ಮುಟ್ಟಿಸುವ ಮುನ್ನ ಕಡಲೆಹಿಟ್ಟು ಉದುರಿಸಿ, ಅದು ಜಿಡ್ಡು ಹೀರಿದ ಮೇಲೆ ಕೊಡವುವುದು ಲೇಸು. ಮಳೆಗಾಲದ ಮುಗ್ಗುಲು ವಾಸನೆಗೆ ಕಡೆಯ ನೀರಿನಲ್ಲಿ ಎರಡು ಚಮಚ ವಿನಿಗರ್ ಬೆರೆಸಿ, ಗಾಳಿಯಾಡುವೆಡೆ ಒಣಹಾಕಿದರಾಯಿತು. ರೇಷ್ಮೆಗೆ ಮಾತ್ರ ಸೋಡದ ಸೋಂಕೂ ಬೇಡ. ಕ್ಷಾರ ಅದರ ಎಳೆಯನ್ನೇ ತಿನ್ನುತ್ತದೆ. ಅಜ್ಜಿಯರ ಅಂಟುವಾಳದ ನೊರೆಯೇ ಅದಕ್ಕೆ ಹಿತ.

ಮೂರನೆಯ ದಿನ ಮಾವನವರು ಅದೇ ಪಂಚೆಯುಟ್ಟು ಊಟಕ್ಕೆ ಕುಳಿತರು. ಹುಳಿ ಬಡಿಸುವಾಗ ಸೊಸೆ ಈ ಸಲ ಎರಡು ಹೆಜ್ಜೆ ದೂರವೇ ನಿಂತಿದ್ದಳು.